ನೇಪಾಳಕ್ಕೊಂದು ವೈದ್ಯಕೀಯ ತಂಡ: ಪೆಟ್ಟಿಗೆ ಕಟ್ಟುವವನ ಕೈಪಿಡಿ

ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. 2015ರ ಏಪ್ರಿಲ್ 25ರ ಶನಿವಾರ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ 7.8 ತೀವ್ರತೆಯ ಭೂಕಂಪವಾದ ಮೇಲೆ ಜಗತ್ತಿನ ಅರ್ಧ ಪರಿಹಾರ ಸಾಮಗ್ರಿ ಆ ಒಂದು ರನ್‌ವೇ ಮೇಲೇ ಇಳಿಯಬೇಕಾಯಿತು. ವಿಮಾನಗಳು ಆಕಾಶದಲ್ಲೇ ಸುತ್ತಿ ಸುತ್ತಿ ವಾಪಸ್ ಹೋದವು. ರನ್‌ವೇಗೆ ಪೆಟ್ಟು ಬೀಳುತ್ತಿದೆ ಎಂದು ಕೆಲವು ದಿನಗಳಲ್ಲೇ ದೊಡ್ಡ ವಿಮಾನಗಳನ್ನು ನಿಲ್ಲಿಸಿದರು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ವಿದೇಶಿ ವೈದ್ಯಕೀಯ ತಂಡಗಳು ದೇಶದೊಳಗೆ ಬಂದಾಗಿತ್ತು.

ನಮ್ಮ ಹನ್ನೆರಡು ಜನರ ತಂಡ ಹೋದದ್ದು ಮೇ ಮೂರನೇ ವಾರ, 12ನೇ ತಾರೀಖಿನ 7.3ರ ಎರಡನೇ ಕಂಪನವೂ ಆದ ಮೇಲೆ. ತಡವಾಯಿತೆಂದು ಹೊರಡುವಾಗ ಎಲ್ಲರಿಗೂ ಹೊಟ್ಟೆಯುರಿ. ಅಲ್ಲಿ ಹೋಗಿ ನೋಡಿದರೆ ತಡವಾದದ್ದೇ ಒಳ್ಳೆಯದಾಗಿತ್ತು. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ಪೆಟ್ಟಿಗೆ ಕಟ್ಟುವುದು, ತೂಕ ಹಾಕುವುದು, ಕಸ್ಟಮ್ಸ್ ಕಿಟಕಿಯ ಮುಂದೆ ನಿಲ್ಲುವುದು ನನ್ನ ಪಾಲಿನ ಕೆಲಸ. ಆಮೇಲೆ ಹಲವು ತಂಡಗಳಿಗೆ ಪೆಟ್ಟಿಗೆ ಕಟ್ಟಿಕೊಟ್ಟಿದ್ದೇನೆ. ಮುಂದೆ ಬರೆದಿರುವುದೆಲ್ಲ ನೇಪಾಳವನ್ನು ಕಣ್ಣೆದುರು ಇಟ್ಟುಕೊಂಡೇ ಬರೆದದ್ದು. ಬೇರೆ ದೇಶವಾದರೆ ಕಚೇರಿಗಳ ಹೆಸರು ಬದಲಾಗುತ್ತದೆ, ಕೆಲಸ ಹೆಚ್ಚುಕಡಿಮೆ ಅದೇ.

ಮೊದಲ ಹೆಜ್ಜೆ: ಕರೆದವರು ಯಾರು?

ಟಿವಿ ನೋಡಿ ಹೊರಡಬೇಡಿ. ನಿಮ್ಮನ್ನು ಅಲ್ಲಿಗೆ ಕರೆದವರ ಹೆಸರು, ನೀವು ಕೂರಬೇಕಾದ ಊರಿನ ಹೆಸರು, ಅಲ್ಲಿ ಮೊದಲೇ ಯಾವ ತಂಡ ಇದೆ ಎಂಬ ಮಾಹಿತಿ, ಈ ಮೂರೂ ಕಾಗದದ ಮೇಲೆ ಇಲ್ಲದಿದ್ದರೆ ಟಿಕೆಟ್ ಬುಕ್ ಮಾಡಬೇಡಿ.

ನೇಪಾಳದಲ್ಲಿ ವೈದ್ಯಕೀಯ ತಂಡಗಳನ್ನು ಎಲ್ಲಿಗೆ ಕಳಿಸಬೇಕೆಂದು ನೋಡಿಕೊಳ್ಳುವುದು ಆರೋಗ್ಯ ಸಚಿವಾಲಯದ ಆರೋಗ್ಯ ತುರ್ತು ಕಾರ್ಯಾಚರಣೆ ಕೇಂದ್ರ. ದೊಡ್ಡ ವಿಪತ್ತಾದರೆ ವಿಶ್ವ ಆರೋಗ್ಯ ಸಂಸ್ಥೆಯವರೂ ಜೊತೆಗೆ ಕೂತು ತಂಡಗಳ ಹೊಂದಾಣಿಕೆ ಮಾಡುತ್ತಾರೆ. ಅಲ್ಲಿ ಹೆಸರು ಬರೆಸದೆ ಜೀಪು ಬಾಡಿಗೆಗೆ ಹಿಡಿದು ಹಳ್ಳಿಗೆ ಹೋದರೆ, ರಸ್ತೆ ಪಕ್ಕದ ಒಂದೇ ಹಳ್ಳಿಗೆ ನಾಲ್ಕು ತಂಡ, ಗುಡ್ಡದ ಮೇಲಿನ ಹಳ್ಳಿಗೆ ಒಂದೂ ಇಲ್ಲ ಎಂದಾಗುತ್ತದೆ. 2015ರಲ್ಲಿ ಆದದ್ದೂ ಇದೇ. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಗೂ ನಿಮ್ಮ ಹೆಸರುಪಟ್ಟಿ ಕಳಿಸಿಡಿ.

ಇನ್ನೊಂದು ಲೆಕ್ಕ ಕಾಲದ್ದು. ಅವಶೇಷದಡಿ ಸಿಕ್ಕವರನ್ನು ಜೀವಂತ ಹೊರತೆಗೆಯುವುದು ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲಿ, ಅದೂ ಬಹುಪಾಲು ಅಕ್ಕಪಕ್ಕದ ಮನೆಯವರ ಕೈಯಿಂದ. ದಾವಣಗೆರೆಯಿಂದ ಹೊರಡುವ ಸ್ವಯಂಸೇವಕ ತಂಡ ಆ ಹೊತ್ತಿಗೆ ತಲುಪಲಾರದು, ಆಸೆಯನ್ನೂ ಪಡಬಾರದು. ನೇಪಾಳ ಸರ್ಕಾರ ಮೇ ಮೊದಲ ವಾರದಲ್ಲೇ ವಿದೇಶಿ ಶೋಧ ತಂಡಗಳಿಗೆ ಹೊರಡಲು ಹೇಳಿತ್ತು. ನಮ್ಮಂಥವರ ಕೆಲಸ ಶುರುವಾಗುವುದು ಆಮೇಲೆ: ಕೀವು ಕಟ್ಟಿದ ಗಾಯ, ಬಿಚ್ಚದೆ ಉಳಿದ ಬ್ಯಾಂಡೇಜು, ಬಾಣಂತಿ, ಬೇಧಿ, ಮತ್ತು ಮನೆಯ ಜೊತೆಗೆ ಮಣ್ಣುಪಾಲಾದ ಬಿಪಿ ಮಾತ್ರೆ.

ಯಾವ ಅಳತೆಯ ತಂಡ

2010ರ ಜನವರಿಯಲ್ಲಿ ಹೈಟಿಯ ಭೂಕಂಪಕ್ಕೆ ಸಿಕ್ಕಸಿಕ್ಕವರೆಲ್ಲ ಹೋಗಿ ಮಾಡಿದ ಎಡವಟ್ಟುಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವಿದೇಶಿ ವೈದ್ಯಕೀಯ ತಂಡಗಳಿಗೆ ಒಂದು ವರ್ಗೀಕರಣ ಮಾಡಿತು. ಟೈಪ್ 1 ಎಂದರೆ ಹೊರರೋಗಿಗಳ ತಂಡ. ಅದರಲ್ಲಿ ಊರೂರು ಸುತ್ತುವ ಬಗೆ ದಿನಕ್ಕೆ ಕನಿಷ್ಠ 50 ರೋಗಿಗಳನ್ನು ನೋಡಬೇಕು, ಒಂದೇ ಕಡೆ ಕೂರುವ ಬಗೆ 100. ಟೈಪ್ 2ಕ್ಕೆ ಆಪರೇಷನ್ ಥಿಯೇಟರ್, ಕನಿಷ್ಠ 20 ಹಾಸಿಗೆ, ದಿನಕ್ಕೆ 7 ದೊಡ್ಡ ಶಸ್ತ್ರಚಿಕಿತ್ಸೆಗಳ ಸಾಮರ್ಥ್ಯ ಬೇಕು. ಟೈಪ್ 3 ರೆಫರಲ್ ಆಸ್ಪತ್ರೆ, ಅದನ್ನು ಸೇನೆಗಳಿಗೂ ಸರ್ಕಾರಗಳಿಗೂ ಬಿಡಿ.

ನೀವು ಟೈಪ್ 1. ಜೊತೆಗೆ ಒಬ್ಬ ಸರ್ಜನ್ ಇದ್ದಾರೆಂದು, ಅವರಿಗೆ ಹುಮ್ಮಸ್ಸಿದೆಯೆಂದು ಟೈಪ್ 2 ಆಗುವುದಿಲ್ಲ. ಕಡಿಮೆಯೆಂದರೆ ಎರಡು ವಾರ ಅಲ್ಲಿ ಇರಬೇಕು. ನಾಲ್ಕು ದಿನದ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು ಬರುವ ಯೋಚನೆಯಿದ್ದರೆ, ದಯವಿಟ್ಟು ಆ ವಿಮಾನದ ದುಡ್ಡನ್ನು ಅಲ್ಲಿನ ಯಾವುದಾದರೂ ಆಸ್ಪತ್ರೆಗೆ ಕಳಿಸಿಬಿಡಿ.

ಜನರ ಆಯ್ಕೆ

ಹನ್ನೆರಡು ಜನರಿದ್ದರೆ ನಾನು ಹೀಗೆ ಹಂಚುತ್ತೇನೆ: ವೈದ್ಯರು ಮೂವರು, ನರ್ಸ್‌ಗಳು ಐವರು, ಫಾರ್ಮಸಿಸ್ಟ್ ಒಬ್ಬರು, ಫಿಸಿಯೋಥೆರಪಿಸ್ಟ್ ಒಬ್ಬರು, ನೀರು-ಅಡುಗೆ-ವಾಹನ-ಜನರೇಟರ್ ನೋಡುವವರು ಇಬ್ಬರು. ವೈದ್ಯರಲ್ಲಿ ಒಬ್ಬರಾದರೂ ಹೆರಿಗೆ ಮಾಡಿಸಿ ಪಳಗಿದವರಿರಬೇಕು, ಒಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲ ಬಗೆಯ ರೋಗಿಗಳನ್ನೂ ಕಂಡವರಿರಬೇಕು. ದೊಡ್ಡ ಆಸ್ಪತ್ರೆಯ ಎಂಆರ್‌ಐ ಇಲ್ಲದೆ ಬೆನ್ನುನೋವು ನೋಡದವರು ಅಲ್ಲಿ ಬಹಳ ಒದ್ದಾಡುತ್ತಾರೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸಕ್ಕೆ ಬಂದವರು ಇಪ್ಪತ್ತು ವರ್ಷ ಪಿಎಚ್‌ಸಿಯಲ್ಲಿ ದುಡಿದು ನಿವೃತ್ತರಾಗಿದ್ದ ಸಿಸ್ಟರ್. ಡಾಕ್ಟರುಗಳೂ ಅವರನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ಸಂಜೆ ಅವರು "ಸಾಕು, ಇನ್ನು ಬಾಗಿಲು ಹಾಕಿ" ಅಂದರೆ ಯಾರೂ ಎದುರಾಡುತ್ತಿರಲಿಲ್ಲ.

ತಂಡದ ಮುಖ್ಯಸ್ಥರು ವೈದ್ಯರೇ ಆಗಬೇಕಿಲ್ಲ. ರೋಗಿ ನೋಡುತ್ತಾ ಕೂತವರಿಗೆ ಡೀಸೆಲ್ ಮುಗಿದದ್ದು ಗೊತ್ತಾಗುವುದಿಲ್ಲ. ನಾಯಕ ಒಬ್ಬರೇ, ಮಾತು ಕೊನೆಯದು ಅವರದೇ ಎಂದು ಹೊರಡುವ ಮುಂಚೆಯೇ ತೀರ್ಮಾನವಾಗಲಿ.

ಸಂದರ್ಶನದಲ್ಲಿ ಮೂರು ಪ್ರಶ್ನೆ ಸಾಕು. ಟೆಂಟ್‌ನಲ್ಲಿ ಎಂಟು ಜನರ ಜೊತೆ ಮಲಗುತ್ತೀರಾ? ನಿಮ್ಮ ಮನೆಯಲ್ಲಿ ಈಗ ಯಾರಿಗಾದರೂ ಸೀರಿಯಸ್ ಇದೆಯೇ? ನಿಮಗೆ ಕೊಟ್ಟ ಕೆಲಸ ಹದಿನಾಲ್ಕು ದಿನವೂ ಡ್ರೆಸಿಂಗ್ ಕಟ್ಟುವುದೇ ಆದರೆ ಬೇಜಾರಿಲ್ಲವೇ? ಮೂರನೆಯದಕ್ಕೆ ಮುಖ ನೋಡಿ, ಉತ್ತರ ಅಲ್ಲೇ ಸಿಗುತ್ತದೆ.

ಕಾಗದಪತ್ರ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ಡ್ರೈವಿಂಗ್ ಲೈಸೆನ್ಸ್ ಹಿಡಿದು ಬಂದವರನ್ನು ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. ವೀಸಾ ಬೇಡ ಎಂದ ಮಾತ್ರಕ್ಕೆ ವೈದ್ಯಕೀಯ ಮಾಡಬಹುದು ಎಂದಲ್ಲ. ಜನ ಎಡವುವುದು ಇಲ್ಲೇ. ವೈದ್ಯರಿಗೆ ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು, ನರ್ಸ್‌ಗಳು ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ವಿಚಾರಿಸಬೇಕು. ಅದಕ್ಕೆ ಇಲ್ಲಿಂದ ಕೊಂಡೊಯ್ಯಬೇಕಾದದ್ದು ಪದವಿ ಪ್ರಮಾಣಪತ್ರ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ, ವೈದ್ಯರ ಮೇಲೆ ಶಿಸ್ತುಕ್ರಮವಿಲ್ಲ ಎಂದು ಹೇಳುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್, ಫೋಟೊಗಳು. ಗುಡ್ ಸ್ಟ್ಯಾಂಡಿಂಗ್ ಒಂದೇ ದಿನದಲ್ಲಿ ಕೈಗೆ ಬರುವ ಕಾಗದವಲ್ಲ. ಆದ್ದರಿಂದಲೇ ತಂಡವನ್ನು ಭೂಕಂಪವಾದ ಮೇಲೆ ಕಟ್ಟುವುದಲ್ಲ, ಮುಂಚೆಯೇ ಕಟ್ಟಿ ಪ್ರತಿಯೊಬ್ಬರ ಫೈಲು ಸಿದ್ಧವಿಟ್ಟುಕೊಳ್ಳಬೇಕು.

ವಿಮೆಯ ಪಾಲಿಸಿಯನ್ನು ಸಣ್ಣ ಅಕ್ಷರದವರೆಗೂ ಓದಿ. ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ಕೇಸು ಬಿದ್ದರೆ ಇರಲಿ ಎಂದು ವೈದ್ಯರು ಇಲ್ಲಿ ಮಾಡಿಸಿಕೊಂಡಿರುವ ಇಂಡೆಮ್ನಿಟಿ ವಿಮೆ ಸಾಮಾನ್ಯವಾಗಿ ಭಾರತದ ಗಡಿ ದಾಟುವುದಿಲ್ಲ. ಪ್ರವಾಸಿ ವಿಮೆಯಲ್ಲಿ ಹೆಲಿಕಾಪ್ಟರ್‌ನಲ್ಲಿ ಕೆಳಗೆ ತರುವ ಖರ್ಚು ಸೇರಿದೆಯೇ, ವಿಪತ್ತು ಪ್ರದೇಶವನ್ನು ಹೊರಗಿಟ್ಟಿದ್ದಾರೆಯೇ ಎಂದು ಬರಹದಲ್ಲಿ ಕೇಳಿ.

ಟ್ರಸ್ಟ್ ನಡೆಸುವವರಿಗೆ ಒಂದು ಮಾತು. ಭಾರತದ ಹೊರಗೆ ಖರ್ಚು ಮಾಡಿದ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ತಾನಾಗಿಯೇ ಸಿಗುವುದಿಲ್ಲ, ನೇರ ತೆರಿಗೆ ಮಂಡಳಿಯ ಅನುಮತಿ ಬೇಕು. ನಿಮ್ಮ ಆಡಿಟರನ್ನು ಹೊರಡುವ ಮುಂಚೆ ಕೇಳಿ. ಬಂದ ಮೇಲೆ ಕೇಳಿದರೆ ಅವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ತಂಡದವರ ಮೈ

ಹೊರಡುವ ಮುಂಚೆ ಹಾಕಿಸಿಕೊಳ್ಳಬೇಕಾದ ಲಸಿಕೆಗಳು: ಟಿಡಿ (ಧನುರ್ವಾಯು, ಗಂಟಲಮಾರಿಯದ್ದು), ಹೆಪಟೈಟಿಸ್ ಎ ಮತ್ತು ಬಿ, ಟೈಫಾಯ್ಡ್, ದಡಾರ, ಫ್ಲೂ. ಹೆಪಟೈಟಿಸ್ ಬಿ ಹಾಕಿಸಿಕೊಂಡವರು ಲಸಿಕೆ ಹಿಡಿದಿದೆಯೇ ಎಂದು ರಕ್ತದ ಟೈಟರ್ ಪರೀಕ್ಷೆ ಮಾಡಿಸಿ, 10ಕ್ಕಿಂತ ಮೇಲಿರಬೇಕು. ರೇಬೀಸ್ ಮುಂಜಾಗ್ರತೆಯ ಎರಡು ಡೋಸು, ಒಂದು ಇವತ್ತು, ಇನ್ನೊಂದು ಏಳನೇ ದಿನ. ಕುಸಿದ ಊರುಗಳಲ್ಲಿ ಒಡೆಯರಿಲ್ಲದ ನಾಯಿಗಳು ಬಹಳ. ಆಫ್ರಿಕಾದ ಕಡೆಗಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹತ್ತು ದಿನವಾದ ಮೇಲಷ್ಟೇ ಆ ಸರ್ಟಿಫಿಕೇಟ್‌ಗೆ ಬೆಲೆ.

ಹೆಪಟೈಟಿಸ್ ಇ ಕಠ್ಮಂಡು ಕಣಿವೆಯಲ್ಲಿ ಮೊದಲಿಂದಲೂ ಇದೆ, ಗರ್ಭಿಣಿಯರಿಗೆ ಅದು ತೀರಾ ಅಪಾಯ. ಗರ್ಭಿಣಿ ಸಿಸ್ಟರ್‌ಗಳನ್ನು ಕರೆದೊಯ್ಯಬೇಡಿ, ಅವರೇ ಬರುತ್ತೇನೆಂದರೂ. 2,500 ಮೀಟರ್‌ಗಿಂತ ಮೇಲೆ ಹೋಗುವುದಿದ್ದರೆ ಗುಡ್ಡದ ಕಾಯಿಲೆಯ ಲೆಕ್ಕವೂ ಬೇಕು. ಲಾಂಗ್ಟಾಂಗ್ ಕಣಿವೆಯ ಹಳ್ಳಿಗಳು 3,000 ಮೀಟರ್ ದಾಟುತ್ತವೆ. ಹೆಲಿಕಾಪ್ಟರ್‌ನಲ್ಲಿ ನೇರ ಅಲ್ಲಿ ಇಳಿದರೆ ನೋಡುವ ವೈದ್ಯರೇ ವಾಂತಿ ಮಾಡುತ್ತಾ ಮಲಗಿಬಿಡಬಹುದು. ಅದನ್ನು ತಡೆಯಲು ಅಸೆಟಜೋಲಮೈಡ್ 125 ಮಿಲಿಗ್ರಾಂ ದಿನಕ್ಕೆರಡು, ಸಲ್ಫಾ ಅಲರ್ಜಿ ಇದೆಯೇ ಎಂದು ಕೇಳಿಯೇ ಕೊಡಬೇಕು.

ಔಷಧಿ: ಇಲ್ಲಿ ಸ್ವಲ್ಪ ನಿಧಾನ

ನೇಪಾಳಿಯಲ್ಲೂ ಔಷಧಿಗೆ ಔಷಧಿ ಎಂದೇ ಅನ್ನುತ್ತಾರೆ. ಇಡೀ ಪ್ರವಾಸದಲ್ಲಿ ನನಗೆ ಸುಲಭವಾದದ್ದು ಅದೊಂದೇ.

ಸುದ್ದಿ ಹರಡಿದ ಕೂಡಲೇ ಊರವರು ಪ್ರೀತಿಯಿಂದ ಔಷಧಿ ತಂದು ಸುರಿಯುತ್ತಾರೆ. ಅರ್ಧ ಹರಿದ ಸ್ಟ್ರಿಪ್, ತೀರಿಹೋದ ಅಜ್ಜನ ಹೃದಯದ ಮಾತ್ರೆ, ಔಷಧ ಕಂಪನಿಯ ರೆಪ್‌ಗಳು ಕೊಟ್ಟ ಸ್ಯಾಂಪಲ್ ಡಬ್ಬಿ. ಒಂದನ್ನೂ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಔಷಧ ದಾನದ ಮಾರ್ಗಸೂಚಿ ಸ್ಪಷ್ಟವಾಗಿದೆ: ರೋಗಿಗೆ ಕೊಟ್ಟು ವಾಪಸ್ ಬಂದದ್ದು, ಉಚಿತ ಸ್ಯಾಂಪಲ್‌ಗಳು ಕೂಡದು, ಅಲ್ಲಿ ಇಳಿಯುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಎಕ್ಸ್‌ಪೈರಿ ಉಳಿದಿರಬೇಕು, ಹೆಸರು ಜೆನೆರಿಕ್‌ನಲ್ಲಿರಬೇಕು. ಬೇಡ ಎಂದರೆ ಜನ ಮುನಿಸಿಕೊಳ್ಳುತ್ತಾರೆ. ನಾನು ಬಾಗಿಲಲ್ಲೇ ಒಂದು ಬೋರ್ಡು ಹಾಕಿಬಿಟ್ಟೆ: "ಔಷಧಿ ಬೇಡ, ಒಣ ಬ್ಯಾಟರಿ ಮತ್ತು ಟಾರ್ಪಾಲು ಬೇಕು." ಟಾರ್ಪಾಲು ಒಂದು ಲಾರಿ ಆಯಿತು.

ಎಷ್ಟು ಒಯ್ಯಬೇಕು? ಅಂದಾಜು ಬೇಡ, ಲೆಕ್ಕ ಹಾಕಿ. ದಿನಕ್ಕೆ 75 ರೋಗಿ, ಕೆಲಸದ ದಿನ 12, ಒಟ್ಟು 900 ಮಂದಿ. ಅರ್ಧ ಜನಕ್ಕೆ ಪ್ಯಾರಸಿಟಮಾಲ್ ಎಂದುಕೊಳ್ಳಿ, ದಿನಕ್ಕೆ ಮೂರರಂತೆ ಮೂರು ದಿನ: 450ನ್ನು 9ರಿಂದ ಗುಣಿಸಿದರೆ 4,050 ಮಾತ್ರೆ. ಹತ್ತರಲ್ಲಿ ಒಬ್ಬರಿಗೆ ಬೇಧಿ, ತಲೆಗೆ ಆರು ಓಆರ್‌ಎಸ್ ಪೊಟ್ಟಣ: 540. ಹೀಗೆ ಪ್ರತಿ ಔಷಧಿಗೂ ಒಂದು ಸಾಲು, ಆಮೇಲೆ ಕಾಲುಭಾಗ ಸೇರಿಸಿ.

ನಾವು ತಪ್ಪಿದ್ದು ಬಿಪಿ, ಸಕ್ಕರೆಯ ಸಾಲಿನಲ್ಲಿ. ಭೂಕಂಪ ಎಂದರೆ ಗಾಯ ಎಂದುಕೊಂಡು ಗಾಜ್, ಪ್ಲಾಸ್ಟರ್, ಇಂಜೆಕ್ಷನ್ ತುಂಬಿಕೊಂಡು ಹೋದೆವು. ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ, ಚೌತಾರಾದಿಂದ ಮೇಲಿನ ಒಂದು ಹಳ್ಳಿಯಲ್ಲಿ ಮೇಜು ಹಾಕಿ ಕೂತ ಮೊದಲ ದಿನ ಸಾಲಿನಲ್ಲಿದ್ದವರು ಕೇಳಿದ್ದು ಬಿಪಿ ಮಾತ್ರೆ, ದಮ್ಮಿನ ಇನ್‌ಹೇಲರ್, ಕಜ್ಜಿಯ ಮುಲಾಮು, ಹೊಟ್ಟೆಯುರಿಯ ಮಾತ್ರೆ. ಒಬ್ಬ ಅಜ್ಜಿ ಮಣ್ಣು ಮೆತ್ತಿದ ಖಾಲಿ ಸ್ಟ್ರಿಪ್ ಒಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಗಿಟ್ಟರು. ಆಮ್ಲೋಡಿಪಿನ್ 5, ಬಿಪಿ ಮಾತ್ರೆ. ನನ್ನ ಹತ್ತಿರ ಇದ್ದದ್ದು ನಾಲ್ಕೇ ಸ್ಟ್ರಿಪ್, ಅವೂ ತಂಡದವರಿಗೆಂದು ತಂದದ್ದು. ಮರುದಿನ ಕಠ್ಮಂಡುವಿಗೆ ಜೀಪು ಕಳಿಸಿದೆವು. ಈಗ ನಾನು ಹೀಗೆ ಲೆಕ್ಕ ಹಾಕುತ್ತೇನೆ: ಹತ್ತರಲ್ಲಿ ಒಬ್ಬರಿಗೆ ಬಿಪಿ, ತಲೆಗೆ ಒಂದು ತಿಂಗಳ ಮಾತ್ರೆ, ಅಂದರೆ 2,700. ಮೂರು ದಿನದ್ದು ಕೊಟ್ಟು ಕಳಿಸಿದರೆ ನಾಲ್ಕನೇ ದಿನ ಅವರು ಯಾವ ಅಂಗಡಿಗೆ ಹೋಗಬೇಕು?

ನಿಯಂತ್ರಿತ ಔಷಧಿಗಳ ವಿಷಯದಲ್ಲಿ ಜಾಣತನ ಬೇಡ. ಮಾರ್ಫಿನ್, ಕೆಟಮಿನ್, ಡಯಜೆಪಾಂ, 2018ರಿಂದ ಟ್ರಮಡಾಲ್ ಕೂಡ ನಮ್ಮಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಅಡಿ ಬರುತ್ತವೆ. ಗ್ವಾಲಿಯರ್‌ನಲ್ಲಿರುವ ಕೇಂದ್ರ ಮಾದಕ ವಸ್ತು ಬ್ಯೂರೋದ ಅನುಮತಿ, ಆ ದೇಶದ ಆಮದು ಅನುಮತಿ, ಎರಡೂ ಇಲ್ಲದೆ ಬ್ಯಾಗಿನಲ್ಲಿ ಒಂದು ಆ್ಯಂಪ್ಯೂಲ್ ಸಿಕ್ಕರೂ ಇಡೀ ತಂಡ ಗಡಿಯಲ್ಲೇ. ಟೈಪ್ 1 ತಂಡಕ್ಕೆ ಸುಲಭದ ದಾರಿ ಎಂದರೆ ಇವನ್ನು ಕರೆದ ಆಸ್ಪತ್ರೆಯ ಸ್ಟಾಕಿನಿಂದಲೇ ಅವರ ರಿಜಿಸ್ಟರಿನಲ್ಲಿ ಸಹಿ ಮಾಡಿ ಪಡೆಯುವುದು. ಉಳಿದ ಔಷಧಿಗಳಿಗೆ ನೇಪಾಳದ ಔಷಧಿ ವ್ಯವಸ್ಥಾ ವಿಭಾಗದ ಒಪ್ಪಿಗೆ ಮೊದಲೇ ತರಿಸಿಕೊಳ್ಳಿ.

ತಣ್ಣಗಿಡಬೇಕಾದದ್ದಕ್ಕೆ ಪಲ್ಸ್ ಪೋಲಿಯೋದಲ್ಲಿ ಹೆಗಲಿಗೆ ಹಾಕಿಕೊಂಡು ಓಡಾಡುವ ಅದೇ ವ್ಯಾಕ್ಸಿನ್ ಕ್ಯಾರಿಯರ್ ಸಾಕು. ಟಿಡಿ, ಇನ್ಸುಲಿನ್, ಹೆರಿಗೆಗೆ ಬಳಸುವ ಆಕ್ಸಿಟೋಸಿನ್ ಮೂರಕ್ಕೂ 2ರಿಂದ 8 ಡಿಗ್ರಿ. ಹೆಪ್ಪುಗಟ್ಟಿದರೆ ಟಿಡಿಯೂ ಇನ್ಸುಲಿನ್ನೂ ಕೆಟ್ಟವೆಂದೇ ಲೆಕ್ಕ, ಆದ್ದರಿಂದ ಐಸ್‌ಪ್ಯಾಕನ್ನು ಫ್ರೀಜರ್‌ನಿಂದ ನೇರ ತುಂಬಬೇಡಿ. ಹೊರಗಿಟ್ಟು, ಆಗಾಗ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಕುಲುಕು ಸದ್ದು ಬಂದ ಮೇಲೆ ಒಳಗಿಡಿ.

ಪೆಟ್ಟಿಗೆ ಕಟ್ಟುವುದು

ಒಂದು ಪೆಟ್ಟಿಗೆ 20 ಕಿಲೋ ದಾಟಬಾರದು. ಸಿಸ್ಟರಮ್ಮ ಎತ್ತಲಾರದ್ದು ಪೆಟ್ಟಿಗೆಯೇ ಅಲ್ಲ. ರಟ್ಟಿನದು ಬೇಡ, ಮಳೆಗೆ ಗಂಜಿಯಾಗುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಕ್ರೇಟ್ ಕೊಳ್ಳಿ, ಖಾಲಿಯಾದ ಮೇಲೆ ಕುರ್ಚಿಯೂ ಆಗುತ್ತದೆ, ಮೇಜೂ ಆಗುತ್ತದೆ.

ಪ್ರತಿ ಪೆಟ್ಟಿಗೆಗೂ ನಂಬರು ನಾಲ್ಕೂ ಬದಿಯಲ್ಲಿ. ಕೆಂಪು ಟೇಪು ತುರ್ತು ಮತ್ತು ಗಾಯ, ಹಸಿರು ಮಾತ್ರೆ, ನೀಲಿ ಹೆರಿಗೆ ಮತ್ತು ಮಕ್ಕಳು, ಹಳದಿ ನಮ್ಮ ಊಟವಸತಿ. ಒಳಗಿರುವುದರ ಪಟ್ಟಿ ಮೂರು ಪ್ರತಿ: ಒಂದು ಪೆಟ್ಟಿಗೆಯೊಳಗೆ, ಒಂದು ನಿಮ್ಮ ಫೈಲಿನಲ್ಲಿ, ಒಂದು ಕಸ್ಟಮ್ಸ್‌ಗೆ. ಪಟ್ಟಿಯಲ್ಲಿ ಜೆನೆರಿಕ್ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಣಿಕೆ, ಬೆಲೆ ಐದೂ ಇರಬೇಕು. ಬರೀ "ಮೆಡಿಸಿನ್ಸ್, ದಾನಕ್ಕೆ" ಎಂದು ಬರೆದ ಪೆಟ್ಟಿಗೆಗಳು ಗೋದಾಮಿನಲ್ಲಿ ಧೂಳು ತಿನ್ನುತ್ತಾ ಕೂತಿರುವುದನ್ನು ನಾನೇ ನೋಡಿದ್ದೇನೆ.

ಒಂದೇ ಬಗೆಯದ್ದನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಬೇಡಿ. ಒಂದು ಪೆಟ್ಟಿಗೆ ದಿಲ್ಲಿಯಲ್ಲೇ ಉಳಿದರೆ ಇಡೀ ಆ್ಯಂಟಿಬಯಾಟಿಕ್ ಉಳಿದ ಹಾಗೆ. ಒಂದನೇ ನಂಬರಿನ ಪೆಟ್ಟಿಗೆ ಮಾತ್ರ ಬೇರೆ: ಅದೊಂದು ತೆರೆದರೆ ಮೊದಲ ಅರ್ಧ ದಿನ ಶಿಬಿರ ನಡೆಯಬೇಕು. ಬಿಪಿ ಯಂತ್ರ, ಗ್ಲೂಕೋಮೀಟರ್, ಕೈಗವಸು, ಒಂದಿಷ್ಟು ಮಾತ್ರೆ, ರಿಜಿಸ್ಟರ್, ಪೆನ್ನು, ಟಾರ್ಚು, ಕತ್ತರಿ. ಕತ್ತರಿ ಎಂದಾಗ ನೆನಪಾಯಿತು. ನಮ್ಮ ಮೊದಲ ಪ್ರವಾಸದಲ್ಲಿ ಹದಿನೆಂಟು ಪೆಟ್ಟಿಗೆಗೂ ಬಿಗಿಯಾಗಿ ಟೇಪು ಸುತ್ತಿ, ಎಲ್ಲ ಕತ್ತರಿಗಳನ್ನೂ ಪೆಟ್ಟಿಗೆಯೊಳಗೇ ಇಟ್ಟಿದ್ದೆ. ಹಲ್ಲಿನಿಂದ ಟೇಪು ಕಚ್ಚಿ ಬಿಚ್ಚಿದೆವು.

ವಿಮಾನಕ್ಕೆ ಆಗದ್ದು: ಆಮ್ಲಜನಕದ ಸಿಲಿಂಡರ್, ಅಡುಗೆ ಗ್ಯಾಸು, ಕ್ಯಾನುಗಟ್ಟಲೆ ಸರ್ಜಿಕಲ್ ಸ್ಪಿರಿಟ್ಟು. ಬೆಂಗಳೂರಿನಲ್ಲಿ ನಮ್ಮ ಐದು ಲೀಟರ್ ಸ್ಪಿರಿಟ್ಟನ್ನು ತೆಗೆದಿಡಿಸಿದರು, ತಪ್ಪು ನನ್ನದೇ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಒಯ್ಯಿರಿ, ಸ್ಪಿರಿಟ್ಟು ಅಲ್ಲೇ ಕೊಳ್ಳಿ. ಪವರ್‌ಬ್ಯಾಂಕ್‌ಗಳು ಕೈಚೀಲದಲ್ಲಿರಬೇಕು, ಲಗೇಜಿನಲ್ಲಿ ಕೂಡದು. ಸಾಮಾನು ಬಹಳವಿದ್ದರೆ ರಕ್ಸೌಲ್–ಬೀರ್‌ಗಂಜ್ ಗಡಿಯ ಮೂಲಕ ಲಾರಿಯಲ್ಲಿ ಕಳಿಸಿ, ಪೆಟ್ಟಿಗೆಯ ಪಟ್ಟಿ ಗೊತ್ತಿರುವ ಒಬ್ಬರು ಲಾರಿಯ ಜೊತೆಗೇ ಹೋಗಲಿ.

ನೀರು, ಊಟ, ಕಕ್ಕಸು

ಅಲ್ಲಿನವರ ಬಾಯಿಂದ ಒಂದು ತುತ್ತೂ ಕಸಿಯಬಾರದು. ಕುಡಿಯಲು ತಲೆಗೆ ಮೂರು ಲೀಟರ್, ಹನ್ನೆರಡು ಜನಕ್ಕೆ ದಿನಕ್ಕೆ 36. ಪ್ರತಿ ಹೊರರೋಗಿಗೆ ಐದು ಲೀಟರ್, 75 ಜನಕ್ಕೆ 375. ತೊಳೆಯಲು, ಅಡುಗೆಗೆ ಬೇರೆ. ಅಂದರೆ 500 ಲೀಟರ್‌ನ ಸಿಂಟೆಕ್ಸ್ ಒಂದು ದಿನಕ್ಕೇ ಮುಗಿಯುತ್ತದೆ. ಕುದಿಸಿ ಕುಡಿಯುವುದಾದರೆ ಮರಳುವ ನೀರು ಒಂದು ನಿಮಿಷ, 2,000 ಮೀಟರ್‌ಗಿಂತ ಮೇಲೆ ಮೂರು ನಿಮಿಷ. ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ನೆಲ, ಮೇಜು ಒರೆಸಲು 0.5 ಶೇಕಡಾ ಕ್ಲೋರಿನ್ ದ್ರಾವಣ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಬೆಲ್ಲ ಹಿಡಿದು ಹೋಗಿ. ನಾವು ನೂರು ಖಡಕ್ ರೊಟ್ಟಿಯ ಕಟ್ಟು ಒಯ್ದಿದ್ದೆವು, ಹದಿನಾಲ್ಕನೇ ದಿನವೂ ಗರಿಗರಿ.

ಕಕ್ಕಸಿನ ಬಗ್ಗೆ ಬರೆಯಲು ನಾಚಿಕೆಪಡಬಾರದು. 2010ರ ಅಕ್ಟೋಬರ್‌ನಲ್ಲಿ ಹೈಟಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಅದರ ಮೂಲ ಹುಡುಕಿದಾಗ ಸಿಕ್ಕಿದ್ದು ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದಿಂದ ನದಿಗೆ ಹರಿದ ಹೊಲಸು. ವಿಶ್ವಸಂಸ್ಥೆ ತನ್ನ ಪಾತ್ರವನ್ನು ಒಪ್ಪಿಕೊಂಡದ್ದು 2016ರಲ್ಲಿ, ಸಾವಿರಾರು ಜನ ಸತ್ತ ಮೇಲೆ. ಆದ್ದರಿಂದ ಬಂದ ದಿನ ಟೆಂಟ್ ಕಟ್ಟುವ ಮೊದಲು ಗುಂಡಿ ತೋಡಿ, ನೀರಿನ ಮೂಲದಿಂದ ಕನಿಷ್ಠ ಮೂವತ್ತು ಮೀಟರ್ ದೂರ, ಇಳಿಜಾರಿನ ಕೆಳಬದಿಗೆ. ಸೂಜಿ, ರಕ್ತದ ಬಟ್ಟೆ ಹಾಕಲು ಬೇರೆ ಪೆಟ್ಟಿಗೆ. ಅದನ್ನು ಎಲ್ಲಿ ಸುಡಬೇಕು ಎಂದು ಕರೆದ ಆಸ್ಪತ್ರೆಯವರನ್ನೇ ಕೇಳಿ.

ಭಾಷೆ, ತಾರೀಖು, ಮಾತ್ರೆಯ ಚೀಟಿ

ಹಿಂದಿ ಬರುತ್ತದೆ, ನಡೆದೀತು ಅನ್ನಬೇಡಿ. ಸಿಂಧುಪಾಲ್ಚೋಕ್‌ನ ಮೇಲಿನ ಹಳ್ಳಿಗಳಲ್ಲಿ ತಾಮಾಂಗ್ ಜನ ಹೆಚ್ಚು. ವಯಸ್ಸಾದವರಲ್ಲಿ ಹಲವರಿಗೆ ನೇಪಾಳಿಯೇ ಸರಿಯಾಗಿ ಬಾರದು. ಇದಕ್ಕೆ ಮದ್ದು ನೇಪಾಳದ ಮಹಿಳಾ ಸಾಮುದಾಯಿಕ ಸ್ವಾಸ್ಥ್ಯ ಸ್ವಯಂಸೇವಿಕೆಯರು, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. 1988ರಿಂದ ಇರುವ ಈ ವ್ಯವಸ್ಥೆಯಲ್ಲಿ ದೇಶಾದ್ಯಂತ ಐವತ್ತು ಸಾವಿರದಷ್ಟು ಹೆಂಗಸರಿದ್ದಾರೆ. ಆ ಹಳ್ಳಿಯ ಸ್ವಯಂಸೇವಿಕೆಯನ್ನು ಮೊದಲ ದಿನವೇ ಹುಡುಕಿ, "ದೀದಿ" ಎಂದು ಕರೆದು ಕೂರಿಸಿಕೊಳ್ಳಿ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ನಾಲ್ಕು ದಿನದಿಂದ ಹೊರಗೆ ಬಂದಿಲ್ಲ, ಎಲ್ಲ ಅವರಿಗೆ ಗೊತ್ತು. ಅವರ ಮನೆಯೂ ಬಿದ್ದಿರುತ್ತದೆ ಎಂಬುದು ನೆನಪಿರಲಿ.

ಹೊರಡುವ ಮುಂಚೆ ತಂಡದವರೆಲ್ಲ ಐವತ್ತು ಮಾತು ಬಾಯಿಪಾಠ ಮಾಡಲಿ. "ಕಹಾಂ ದುಖ್ಛ?" ಅಂದರೆ ಎಲ್ಲಿ ನೋವು. ಜ್ವರಕ್ಕೆ ಜ್ವರೊ, ಬೇಧಿಗೆ ಝಾಡಾ, ಬಾಣಂತಿಗೆ ಸುತ್ಕೇರಿ. ಮಾತ್ರೆಯ ಕವರಿನ ಮೇಲೆ ಬೇಕಾದದ್ದು ಬಿಹಾನ, ದಿಉಂಸೊ, ಬೇಲುಕಾ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಓದುಬಾರದವರಿಗೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಬಿಡಿಸಿದ ರಬ್ಬರ್ ಸ್ಟಾಂಪು ಮಾಡಿಸಿಕೊಳ್ಳಿ. ಊರಿನ ಸ್ಟಾಂಪ್ ಅಂಗಡಿಯಲ್ಲಿ ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ, ಅದರಷ್ಟು ಉಪಯೋಗಕ್ಕೆ ಬಂದ ಸಾಮಾನು ಇನ್ನೊಂದಿಲ್ಲ.

ತಾರೀಖು ಇನ್ನೊಂದು ಬಲೆ. ನೇಪಾಳದ ದಿನನಿತ್ಯದ ಲೆಕ್ಕ ವಿಕ್ರಮ ಶಕದ್ದು. ಭೂಕಂಪವಾದದ್ದು ಅವರಿಗೆ 2072ರ ಬೈಶಾಖ 12. ನಮ್ಮ ಕಿರಿಯ ಡಾಕ್ಟರ್ ಒಬ್ಬರು ಗುರುತಿನ ಚೀಟಿ ನೋಡಿ, ಹುಟ್ಟಿದ್ದು 2010 ಎಂದು ಓದಿ, ವಯಸ್ಸಿನ ಕಾಲಂನಲ್ಲಿ 5 ಎಂದು ಬರೆದಿದ್ದರು. ಎದುರಿಗೆ ಕೂತಿದ್ದವರು ಅರವತ್ತೆರಡರ ಅಜ್ಜ. ನಮ್ಮ ಇಸವಿ ಬೇಕಾದರೆ ಅವರದ್ದರಿಂದ 57 ಕಳೆಯಿರಿ, ಒಂದು ವರ್ಷ ಆಚೀಚೆ ಆಗಬಹುದು. ವಾರದ ರಜೆ ಶನಿವಾರ. ಗಡಿಯಾರ ನಮಗಿಂತ ಕಾಲು ಗಂಟೆ ಮುಂದು.

ಮೊದಲೇ ಒಪ್ಪಿಕೊಳ್ಳಬೇಕಾದ ಚಿಕಿತ್ಸಾ ನಿಯಮಗಳು

ಗುಡಾರದೊಳಗೆ ವಾದ ಮಾಡಲು ಹೊತ್ತಿರುವುದಿಲ್ಲ. ಇವನ್ನು ಇಲ್ಲೇ ಕೂತು ಬರೆದು, ಮೂವರು ವೈದ್ಯರೂ ಸಹಿ ಹಾಕಲಿ.

ಕೊಳಕಾದ ಗಾಯಕ್ಕೆ ಅವತ್ತೇ ಹೊಲಿಗೆ ಹಾಕುವುದಿಲ್ಲ. ಚೆನ್ನಾಗಿ ತೊಳೆದು, ಸತ್ತ ಭಾಗ ತೆಗೆದು, ತೆರೆದೇ ಬಿಟ್ಟು, ನಾಲ್ಕೈದು ದಿನದ ಮೇಲೆ ನೋಡಿ ಹೊಲಿಯುವುದು. ಟಿಡಿ ಎಲ್ಲರಿಗೂ. ಕೈಕಾಲು ಕತ್ತರಿಸುವ ತೀರ್ಮಾನ ನಮ್ಮದಲ್ಲ, ರೆಫರ್ ಮಾಡುವುದು. ಬೆನ್ನುಹುರಿಗೆ ಪೆಟ್ಟಾದವರು ಕಂಡರೆ ಕಾವ್ರೆ ಜಿಲ್ಲೆಯ ಸಾಂಗಾದಲ್ಲಿರುವ ಬೆನ್ನುಹುರಿ ಪುನಶ್ಚೇತನ ಕೇಂದ್ರಕ್ಕೆ ಮಾತಾಡಿ ಕಳಿಸುವುದು. ಮಳೆಗಾಲ ಹತ್ತಿರವಿದ್ದು ಜ್ವರ ಇಳಿಯದಿದ್ದರೆ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇರಬಹುದೇ ಎಂದು ಮೈಯೆಲ್ಲ ಹುಡುಕುವುದು, ಕಪ್ಪು ಹಕ್ಕಳೆ ಕಂಕುಳಲ್ಲೋ ಸೊಂಟದಲ್ಲೋ ಅಡಗಿರುತ್ತದೆ. 2015ರ ಮಳೆಗಾಲದಲ್ಲಿ ನೇಪಾಳದಲ್ಲಿ ಅದು ಜೋರಾಗಿತ್ತು. ಅದರ ಮದ್ದು ಡಾಕ್ಸಿಸೈಕ್ಲಿನ್ ಪಟ್ಟಿಯಲ್ಲಿರಲಿ.

ರೋಗಿಯ ಫೋಟೊ ಅವರ ಒಪ್ಪಿಗೆಯಿಲ್ಲದೆ ತೆಗೆಯುವುದಿಲ್ಲ, ಮಕ್ಕಳದ್ದಂತೂ ಇಲ್ಲವೇ ಇಲ್ಲ. ದಾನಿಗಳಿಗೆ ತೋರಿಸಬೇಕೆಂದರೆ ಪೆಟ್ಟಿಗೆಗಳ ಫೋಟೊ ತೋರಿಸಿ.

ಒಂದು ದಿನದ ತಾಲೀಮು

ಹೊರಡುವ ಎರಡು ವಾರ ಮುಂಚೆ ಊರಾಚೆಯ ಯಾವುದಾದರೂ ಶಾಲೆಯ ಮೈದಾನ ಹುಡುಕಿ. ಕರೆಂಟು, ನಲ್ಲಿ ಬಳಸುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ಇಳಿಸಿ, ಮೊದಲ ರೋಗಿಯನ್ನು ನೋಡುವುದಕ್ಕೆ ಎಷ್ಟು ಹೊತ್ತಾಯಿತೆಂದು ಗಡಿಯಾರ ಹಿಡಿಯಿರಿ. ನಮಗೆ ಮೊದಲ ಸಲ ಮೂರೂವರೆ ಗಂಟೆ ಆಯಿತು, ಎರಡನೇ ಸಲ ಐವತ್ತು ನಿಮಿಷ. ಮಧ್ಯಾಹ್ನ ಯಾರಿಗೂ ಹೇಳದೆ "ಭೂಕಂಪ" ಎಂದು ಕೂಗಿ. ಎಲ್ಲರೂ ಎಲ್ಲಿ ಓಡಿ ಸೇರಬೇಕು, ತಲೆ ಎಣಿಸುವವರು ಯಾರು ಎಂಬುದು ಆಗ ತಿಳಿಯುತ್ತದೆ. ಪಶ್ಚಾತ್ ಕಂಪನಗಳು ತಿಂಗಳುಗಟ್ಟಲೆ ಬರುತ್ತವೆ, ಬಿರುಕು ಬಿಟ್ಟ ಕಟ್ಟಡದೊಳಗೆ ಮಲಗುವುದಿಲ್ಲ ಎಂಬುದಕ್ಕೆ ವಿನಾಯಿತಿಯೇ ಇಲ್ಲ.

ಆ ರಾತ್ರಿ ಅಲ್ಲೇ ಮಲಗಿ. ಯಾರು ಗೊರಕೆ ಹೊಡೆಯುತ್ತಾರೆ, ಯಾರು ಸಿಡುಕುತ್ತಾರೆ ಎಂಬುದು ಇಲ್ಲೇ ಗೊತ್ತಾಗಲಿ. ತಂಡವನ್ನು ಇಬ್ಬಿಬ್ಬರ ಜೋಡಿ ಮಾಡಿ: ಜೊತೆಗಾರ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಸುಮ್ಮನಾದರೆ ನಾಯಕನಿಗೆ ಹೇಳುವುದು ಇನ್ನೊಬ್ಬರ ಹೊಣೆ. ಏಳು ದಿನಕ್ಕೊಂದು ರಜೆ ಕಡ್ಡಾಯ.

ಹೊರಟು ಬರುವ ತಯಾರಿ

ಇದನ್ನು ಹೋಗುವ ಮುಂಚೆಯೇ ಬರೆಯಬೇಕು. ಕೊನೆಯ ಮೂರು ದಿನ ಹೊಸ ರೋಗಿಗಳನ್ನು ಕಡಿಮೆ ಮಾಡಿ. ಡ್ರೆಸಿಂಗ್ ನಡೆಯುತ್ತಿರುವ ಪ್ರತಿಯೊಬ್ಬರ ಪಟ್ಟಿ ಮಾಡಿ, ಮುಂದೆ ನೋಡಿಕೊಳ್ಳುವವರ ಹೆಸರನ್ನು ಪಕ್ಕದಲ್ಲೇ ಬರೆಯಿರಿ. ಏನು ಕಾಯಿಲೆ, ಏನು ಕೊಟ್ಟಿದ್ದೇವೆ ಎಂಬ ಚೀಟಿ ರೋಗಿಯ ಕೈಯಲ್ಲಿರಲಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ವಿಕ್ರಮ ಶಕದ ತಾರೀಖಿನಲ್ಲಿ. ಜಿಲ್ಲಾ ಆರೋಗ್ಯ ಕಚೇರಿಗೆ ಎಷ್ಟು ಜನ, ಯಾವ ಕಾಯಿಲೆ ಎಂಬ ದಿನವಾರು ಲೆಕ್ಕ. ಉಳಿದ ಔಷಧಿ ಅವರಿಗೆ ಬೇಕೇ ಎಂದು ಕೇಳಿ, ಬೇಕೆಂದದ್ದನ್ನು ಮಾತ್ರ ಎಣಿಸಿ ಕೊಟ್ಟು ರಸೀದಿ ಪಡೆಯಿರಿ, ಬೇಡವೆಂದದ್ದನ್ನು ವಾಪಸ್ ತನ್ನಿ.

ನಾವು ಹೊರಟ ದಿನ ಆ ಹಳ್ಳಿಯ ದೀದಿ ಪೆಟ್ಟಿಗೆಗಳನ್ನೆಲ್ಲ ನೋಡಿ ಎರಡೇ ಸಾಮಾನು ಕೇಳಿದರು: ಸೂರ್ಯ-ಚಂದ್ರರ ರಬ್ಬರ್ ಸ್ಟಾಂಪು, ಮತ್ತು ಅದರ ಇಂಕ್ ಪ್ಯಾಡು. ಪಟ್ಟಿಯಲ್ಲಿ ಅವು ಇರಲಿಲ್ಲ, ರಸೀದಿ ಬರೆಯಲಿಲ್ಲ.